ಮುಚ್ಚಿದ ಪುಟಗಳು: ಯಕೃತ್ತಿನ ಕ್ಯಾನ್ಸರು ಮತ್ತು ಕಾವಲು ಜೀನುಗಳ ಇತಿಹಾಸ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯಲ್ಲಿ, ನಗರ ಸಿಗುವುದಕ್ಕೆ ಸ್ವಲ್ಪ ಮೊದಲು ಹಿರೇಹಳ್ಳಿ ಬರುತ್ತದೆ. ಹೆಚ್ಚಿನವರಿಗೆ ಅದು ಕೈಗಾರಿಕಾ ಪ್ರದೇಶವೆಂದೇ ಪರಿಚಯ. ಆದರೆ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗ ಕೇಂದ್ರವೊಂದು ಅಲ್ಲಿದೆ ಎಂಬುದನ್ನು ರೈತರು ಚೆನ್ನಾಗಿ ಬಲ್ಲರು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ರೈತ ಕುಟುಂಬದ ಜಮೀನಿನಲ್ಲಿದ್ದ ಕೆಂಪು ತೊಳೆಯ ಹಲಸಿನ ಮರ ಇಂದು ‘ಸಿದ್ದು’ ಎಂಬ ಹೆಸರಿನಿಂದ ನಾಡಿನ ಅನೇಕ ತೋಟಗಳನ್ನು ಸೇರಿದ್ದರೆ, ಅದರ ಹಿಂದೆ ಈ ಕೇಂದ್ರದ ಕೆಲಸವಿದೆ. ಹಲಸಿನ ಬೀಜ ನೆಟ್ಟರೆ ತಾಯಿಮರದ ಗುಣವೇ ಬರುತ್ತದೆಂಬ ಭರವಸೆಯಿಲ್ಲ. ಆದ್ದರಿಂದಲೇ ಕಸಿ ಕಟ್ಟುತ್ತಾರೆ. ಕಸಿಯ ಕುಡಿ ಬೆಳೆದು ಮರವಾದಾಗ ಅದರಲ್ಲಿರುವುದು ತಾಯಿಮರದ ಜೀನುಗಳೇ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಕುಡಿಯಿಂದ ಬೆಳೆದ ಎಲೆಯಲ್ಲಿಯೂ, ಹೂವಿನಲ್ಲಿಯೂ, ತೊಳೆಯಲ್ಲಿಯೂ ಇರುವುದು ಒಂದೇ ಜೀನುಗಳ ಗಂಟು. ಹಾಗಿದ್ದರೆ ಎಲೆ ಎಲೆಯಾಗಿಯೂ ತೊಳೆ ತೊಳೆಯಾಗಿಯೂ ಇರುವುದು ಹೇಗೆ? ಉತ್ತರ ಸರಳವಾಗಿದೆ. ಪ್ರತಿ ಜೀವಕೋಶದಲ್ಲಿಯೂ ಪುಸ್ತಕ ಪೂರ್ತಿಯಾಗಿಯೇ ಇರುತ್ತದೆ. ಆದರೆ ಎಲೆ ಕೆಲವು ಪುಟಗಳನ್ನು ಓದುತ್ತದೆ, ತೊಳೆ ಬೇರೆ ಪುಟಗಳನ್ನು ಓದುತ್ತದೆ. ಉಳಿದ ಪುಟಗಳು ಮುಚ್ಚಿರುತ್ತವೆ. ಮನುಷ್ಯನ ದೇಹದಲ್ಲಿಯೂ ಹೀಗೆಯೇ. ಪುಟಗಳನ್ನು ಮುಚ್ಚುವ ಮತ್ತು ತೆರೆಯುವ ಈ ಏರ್ಪಾಡನ್ನು ಅಭ್ಯಾಸ ಮಾಡುವ ಶಾಸ್ತ್ರಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಅಕ್ಷರ ಬದಲಾಗದೆ ಓದು ಬದಲಾಗುವುದೇ ಅದರ ವಸ್ತು.

ಈ ಏರ್ಪಾಡು ದಾರಿ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಯಕೃತ್ತಿನ ಕ್ಯಾನ್ಸರು ಒಂದು ಕಠಿಣ ಉದಾಹರಣೆ. ನಾವು ಲಿವರ್ ಎನ್ನುವ, ಪಠ್ಯಪುಸ್ತಕಗಳು ಪಿತ್ತಜನಕಾಂಗ ಎನ್ನುವ ಈ ಅಂಗ ನೋವನ್ನು ಬೇಗ ಹೊರಗೆ ತೋರುವುದಿಲ್ಲ. ಹಸಿವು ಕುಗ್ಗಿ, ತೂಕ ಇಳಿದು, ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಹೋಗುವ ವೇಳೆಗೆ ರೋಗ ಬಹುದೂರ ಸಾಗಿರುತ್ತದೆ. ಅಂಥ ಮನೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಅರಿಸಿನ ತಿಂದರೆ ಕ್ಯಾನ್ಸರು ಕರಗುತ್ತದಂತೆ, ಬೆಂಗಳೂರಿನ ವಿಜ್ಞಾನಿಗಳೇ ಕಂಡುಹಿಡಿದಿದ್ದಾರಂತೆ, ಹೌದೇ?” ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದರಲ್ಲಿ ಒಂದು ಎಳೆ ನಿಜವಿದೆ. ಆ ಎಳೆಯನ್ನೇ ಹಗ್ಗವೆಂದು ನಂಬಿದರೆ ಪ್ರಾಣಕ್ಕೆ ಅಪಾಯವೂ ಇದೆ. ಎರಡನ್ನೂ ಬೇರೆಮಾಡಿ ನೋಡಬೇಕಾದರೆ ಇತಿಹಾಸವನ್ನು ಸ್ವಲ್ಪ ತಿರುವಿಹಾಕಬೇಕು.

ಕಾವಲುಗಾರರ ಪರಿಚಯ

ಕ್ಯಾನ್ಸರೆಂದರೆ ಜೀವಕೋಶ ಅಂಕೆ ಮೀರಿ ವಿಭಜನೆಯಾಗುವುದು. ಹಾಗೆ ಆಗದಂತೆ ತಡೆಯುವ ಜೀನುಗಳು ನಮ್ಮಲ್ಲಿ ಇವೆ. ಅವನ್ನು ಗಂತಿ ನಿರೋಧಕ ಜೀನುಗಳು ಎನ್ನುತ್ತಾರೆ. ಈ ಲೇಖನದಲ್ಲಿ ಕಾವಲು ಜೀನುಗಳು ಎಂದು ಕರೆಯೋಣ. ಇಂಥವು ಇರಬೇಕೆಂಬ ಊಹೆಗೆ ಗಟ್ಟಿಯಾದ ಆಧಾರ ಕೊಟ್ಟವರು ಅಮೆರಿಕದ ವೈದ್ಯ ಆಲ್ಫ್ರೆಡ್ ನಡ್ಸನ್. ಮಕ್ಕಳ ಕಣ್ಣಿನ ಅಕ್ಷಿಪಟಲಕ್ಕೆ ಬರುವ ರೆಟಿನೊಬ್ಲಾಸ್ಟೋಮ ಎಂಬ ಕ್ಯಾನ್ಸರಿನ 48 ಪ್ರಕರಣಗಳನ್ನು ಲೆಕ್ಕಹಾಕಿ ನೋಡಿ, 1971ರಲ್ಲಿ ಅವರು ಒಂದು ತೀರ್ಮಾನಕ್ಕೆ ಬಂದರು. ಪ್ರತಿ ಜೀನೂ ನಮ್ಮಲ್ಲಿ ಜೋಡಿಯಾಗಿರುತ್ತದೆ: ಒಂದು ತಾಯಿಯಿಂದ, ಒಂದು ತಂದೆಯಿಂದ. ಕಾವಲಿನ ಜೋಡಿಯಲ್ಲಿ ಒಂದಕ್ಕೆ ಪೆಟ್ಟು ಬಿದ್ದರೂ ಇನ್ನೊಂದು ಕಾಯುತ್ತದೆ. ಎರಡಕ್ಕೂ ಪೆಟ್ಟು ಬಿದ್ದಾಗ ಮಾತ್ರ ಗಂತಿ ತಲೆಯೆತ್ತುತ್ತದೆ. ಇದೇ ‘ಎರಡು ಪೆಟ್ಟಿನ ಸಿದ್ಧಾಂತ’. ಆ ಜೀನನ್ನು 1986ರಲ್ಲಿ ಪ್ರತ್ಯೇಕಿಸಿದಾಗ ನಡ್ಸನ್‌ರ ಲೆಕ್ಕಾಚಾರ ಸರಿಯೆಂದು ಗೊತ್ತಾಯಿತು.

ಇನ್ನೊಂದು ಹೆಸರಾಂತ ಕಾವಲುಗಾರ ಪಿ53. ಅದನ್ನು 1979ರಲ್ಲಿ ಗುರುತಿಸಿದಾಗ ವಿಜ್ಞಾನಿಗಳು ಅದನ್ನು ಕ್ಯಾನ್ಸರು ತರುವ ಜೀನೆಂದೇ ಬಗೆದರು. ಹತ್ತು ವರ್ಷ ಕಳೆದು, 1989ರ ವೇಳೆಗೆ, ಅದು ಕಳ್ಳನಲ್ಲ, ಕಾವಲುಗಾರನೇ ಎಂಬುದು ಸ್ಪಷ್ಟವಾಯಿತು. ಪ್ರಯೋಗಕ್ಕೆ ಸಿಕ್ಕಿದ್ದ ಮೊದಲ ಮಾದರಿಗಳು ಕೆಟ್ಟುಹೋದ ಪಿ53 ಆಗಿದ್ದವು. ಗೊಂದಲಕ್ಕೆ ಅದೇ ಕಾರಣ.

ಕೆಟ್ಟಿದ್ದಲ್ಲ, ಮುಚ್ಚಿದ್ದು

ಅಲ್ಲಿಯವರೆಗೆ ‘ಪೆಟ್ಟು’ ಎಂದರೆ ಜೀನಿನ ಅಕ್ಷರವೇ ಅಳಿಸಿಹೋಗುವುದು ಅಥವಾ ತಪ್ಪಾಗುವುದು ಎಂಬ ಭಾವನೆಯಿತ್ತು. ಆದರೆ ಇನ್ನೊಂದು ದಾರಿಯಲ್ಲಿ ಬೇರೊಂದು ವಿಚಾರ ನಿಧಾನವಾಗಿ ಬೆಳೆಯುತ್ತಿತ್ತು. ಎಪಿಜೆನೆಟಿಕ್ಸ್ ಎಂಬ ಶಬ್ದವನ್ನು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿ ಬಳಕೆಗೆ ತಂದರು. 1948ರಲ್ಲಿ ರಾಲಿನ್ ಹಾಚ್ಕಿಸ್, ಕರುವಿನ ಥೈಮಸ್ ಗ್ರಂಥಿಯ ಡಿಎನ್‌ಎಯಲ್ಲಿ ಸೈಟೊಸಿನ್ ಎಂಬ ಅಕ್ಷರಕ್ಕೆ ಮೀಥೈಲ್ ಗುಂಪೊಂದು ಅಂಟಿಕೊಂಡಿರುವ ಸುಳಿವನ್ನು ಕಂಡರು. ಮೀಥೈಲ್ ಎಂದರೆ ಒಂದು ಇಂಗಾಲ, ಮೂರು ಜಲಜನಕ ಪರಮಾಣುಗಳ ಪುಟ್ಟ ಗುಂಪು. ಅದು ಪುಟದ ಮೇಲೆ ಅಂಟಿಸಿದ ಚೀಟಿಯಂತೆ ಕೆಲಸ ಮಾಡಿ ಜೀನನ್ನು ಓದದಂತೆ ತಡೆಯಬಹುದು, ಕೋಶ ವಿಭಜನೆಯಾದಾಗ ಈ ಚೀಟಿಯೂ ಮರಿಕೋಶಕ್ಕೆ ನಕಲಾಗಬಹುದು ಎಂದು 1975ರಲ್ಲಿ ಬ್ರಿಟನ್ನಿನ ರಾಬಿನ್ ಹಾಲಿಡೇ ಮತ್ತು ಅಮೆರಿಕದ ಆರ್ಥರ್ ರಿಗ್ಸ್ ಬೇರೆ ಬೇರೆಯಾಗಿ ಸೂಚಿಸಿದರು.

ಎರಡನೆಯ ಗುರುತು ಡಿಎನ್‌ಎಯ ಮೇಲಲ್ಲ, ಅದನ್ನು ಸುತ್ತಿಟ್ಟಿರುವ ಉರುಳೆಗಳ ಮೇಲೆ. ನಮ್ಮ ಒಂದು ಕೋಶದ ಡಿಎನ್‌ಎಯನ್ನು ಬಿಚ್ಚಿ ಹಿಡಿದರೆ ಸುಮಾರು 2 ಮೀಟರ್ ಉದ್ದ. ಅದು ಕಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಹಿಡಿಸುವುದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ನೂಲಿನಂತೆ ಸುತ್ತಿಕೊಂಡಿರುವುದರಿಂದ. ಹಿಸ್ಟೋನಿಗೆ ಅಸಿಟೈಲ್ ಗುಂಪು ಸೇರಿದಾಗ ಸುತ್ತು ಸಡಿಲವಾಗಿ ಜೀನು ಓದಿಗೆ ಸಿಗುತ್ತದೆ. ಅದನ್ನು ಕಿತ್ತಾಗ ಸುತ್ತು ಬಿಗಿಯುತ್ತದೆ. ಈ ಸಂಬಂಧವನ್ನು 1964ರಲ್ಲಿ ಮುಂದಿಟ್ಟವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರೆ ಮತ್ತು ಅವರ ಸಂಗಡಿಗರು.

ಈ ಎರಡು ದಾರಿಗಳು ಕ್ಯಾನ್ಸರಿನ ಬಾಗಿಲಲ್ಲಿ ಕೂಡಿದ್ದು 1980ರ ದಶಕದಲ್ಲಿ. ಗಂತಿಯ ಕೋಶಗಳಲ್ಲಿ ಮೀಥೈಲ್ ಗುರುತುಗಳ ವಿನ್ಯಾಸವೇ ಬದಲಾಗಿರುವುದನ್ನು 1983ರಲ್ಲಿ ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್ ತೋರಿಸಿದರು. ಯಕೃತ್ತಿನ ಮಟ್ಟಿಗೆ ಇನ್ನೊಂದು ವಿಚಿತ್ರ ಸಂಗತಿ ಅದೇ ವರ್ಷಗಳಲ್ಲಿ ಬೆಳಕಿಗೆ ಬಂತು. ಕೋಲೀನ್ ಮತ್ತು ಮೆಥಿಯೊನಿನ್ ಎಂಬ ಪೋಷಕಾಂಶಗಳು ದೇಹಕ್ಕೆ ಮೀಥೈಲ್ ಗುಂಪುಗಳನ್ನು ಒದಗಿಸುತ್ತವೆ. ಇವು ಇಲ್ಲದ ಆಹಾರವನ್ನು ಬಹುಕಾಲ ತಿಂದ ಇಲಿಗಳಿಗೆ, ಬೇರಾವ ಕ್ಯಾನ್ಸರುಕಾರಕವನ್ನೂ ಕೊಡದಿದ್ದರೂ, ಯಕೃತ್ತಿನ ಕ್ಯಾನ್ಸರು ಬಂತು. 1989ರಲ್ಲಿ ಜರ್ಮನಿಯ ಸಂಶೋಧಕರು ರೆಟಿನೊಬ್ಲಾಸ್ಟೋಮ ಜೀನಿನ ಆರಂಭದ ಭಾಗದಲ್ಲೇ ಮೀಥೈಲ್ ಗುರುತುಗಳು ತುಂಬಿರುವ ಗಂತಿಯನ್ನು ಕಂಡರು. 1995ರಲ್ಲಿ ಪಿ16 ಎಂಬ ಕಾವಲು ಜೀನು ಹಲವು ಬಗೆಯ ಕ್ಯಾನ್ಸರುಗಳಲ್ಲಿ ಹೀಗೆ ಮೌನವಾಗಿರುವುದು ತಿಳಿಯಿತು. ಯಕೃತ್ತಿನ ಗಂತಿಗಳಲ್ಲಿಯೂ ಪಿ16ಕ್ಕೆ ಇದೇ ಗತಿ ಎಂದು ಬಳಿಕ ಗೊತ್ತಾಯಿತು. 2001ರಲ್ಲಿ ಸಾಕ್ಸ್-1 ಎಂಬ ಜೀನು ಯಕೃತ್ತಿನ ಕ್ಯಾನ್ಸರಿನಲ್ಲಿ ಮೀಥೈಲ್ ಗುರುತಿನಿಂದ ಮುಚ್ಚಿಹೋಗಿರುವುದನ್ನೂ, ಅದನ್ನು ಕೋಶಕ್ಕೆ ಮರಳಿಸಿದರೆ ಬೆಳವಣಿಗೆ ತಗ್ಗುವುದನ್ನೂ ಸಂಶೋಧಕರು ವರದಿ ಮಾಡಿದರು.

ಇದರ ಅರ್ಥ ದೊಡ್ಡದು. ಅಕ್ಷರ ಅಳಿಸಿಹೋಗಿದ್ದರೆ ಅದನ್ನು ಮತ್ತೆ ಬರೆಯುವುದು ಬಹಳ ಕಷ್ಟ. ಚೀಟಿ ಅಂಟಿದ್ದರೆ ಕೀಳಬಹುದಲ್ಲವೇ? ಕಾವಲುಗಾರ ಸತ್ತಿಲ್ಲ, ಮಲಗಿದ್ದಾನೆ ಎಂದಾದರೆ ಎಬ್ಬಿಸಬಹುದಲ್ಲವೇ?

ಎಬ್ಬಿಸುವ ಪ್ರಯತ್ನ

ಎಬ್ಬಿಸುವ ಮದ್ದು ಆ ಹೊತ್ತಿಗಾಗಲೇ ಕಪಾಟಿನಲ್ಲಿತ್ತು. 1964ರಲ್ಲಿ ಪ್ರಾಗ್ ನಗರದ ರಸಾಯನಶಾಸ್ತ್ರಜ್ಞರು ಅಜಸೈಟಿಡಿನ್ ಎಂಬ ವಸ್ತುವನ್ನು ತಯಾರಿಸಿದ್ದರು. ಕ್ಯಾನ್ಸರು ಕೋಶವನ್ನು ಕೊಲ್ಲುವ ವಿಷವಾಗಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. ರೋಗಿಗಳಿಗೆ ಅದು ತಾಳಿಕೆಯಾಗಲಿಲ್ಲ. ಆದರೆ 1977ರಲ್ಲಿ ದಕ್ಷಿಣ ಆಫ್ರಿಕದ ಪ್ರಯೋಗಾಲಯವೊಂದರಲ್ಲಿ ಇಲಿಯ ಸಾಮಾನ್ಯ ಕೋಶಗಳಿಗೆ ಇದನ್ನು ಬೆರೆಸಿದಾಗ, ಕೆಲದಿನಗಳ ಮೇಲೆ ಬಟ್ಟಲಿನಲ್ಲಿ ಸ್ನಾಯುಕೋಶಗಳು ಕಾಣಿಸಿಕೊಂಡವು! ಆ ತಂಡದಲ್ಲಿದ್ದ ಪೀಟರ್ ಜೋನ್ಸ್ ಮುಂದೆ ಅಮೆರಿಕಕ್ಕೆ ಹೋಗಿ, ಶರ್ಲಿ ಟೇಲರ್ ಅವರೊಡನೆ 1980ರಲ್ಲಿ ಕಾರಣವನ್ನು ವಿವರಿಸಿದರು. ಅಜಸೈಟಿಡಿನ್ ಡಿಎನ್‌ಎಯೊಳಗೆ ಸೇರಿಕೊಂಡು, ಮೀಥೈಲ್ ಅಂಟಿಸುವ ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಕೋಶ ವಿಭಜನೆಯಾದಂತೆ ಹೊಸ ನಕಲುಗಳಲ್ಲಿ ಚೀಟಿಗಳು ಇರುವುದಿಲ್ಲ. ಮುಚ್ಚಿದ ಪುಟಗಳು ತೆರೆಯುತ್ತವೆ.

ಹಳೆಯ ವಿಷಕ್ಕೆ ಹೊಸ ಕೆಲಸ ಸಿಕ್ಕಿತು. ಪ್ರಮಾಣವನ್ನು ತಗ್ಗಿಸಿ ಕೊಟ್ಟಾಗ ಮೂಳೆಮಜ್ಜೆಯ ಒಂದು ಬಗೆಯ ರೋಗದಲ್ಲಿ ಅದು ಉಪಯುಕ್ತವಾಯಿತು. ರಕ್ತದ ಕ್ಯಾನ್ಸರಾಗಿ ತಿರುಗಬಲ್ಲ ಆ ರೋಗಕ್ಕೆ ಅಮೆರಿಕದಲ್ಲಿ 2004ರಲ್ಲಿ ಅಜಸೈಟಿಡಿನ್, 2006ರಲ್ಲಿ ಅದರ ಬಂಧು ಡೆಸಿಟಬಿನ್ ಅನುಮೋದನೆ ಪಡೆದವು. ಅಸಿಟೈಲ್ ಗುಂಪನ್ನು ಕೀಳುವ ಕಿಣ್ವವನ್ನು ತಡೆಯುವ ವೊರಿನೋಸ್ಟಾಟ್ ಎಂಬ ಔಷಧವೂ 2006ರಲ್ಲೇ, ಚರ್ಮಕ್ಕೆ ಬರುವ ಒಂದು ಬಗೆಯ ಲಿಂಫೋಮಕ್ಕೆ ಒಪ್ಪಿಗೆ ಪಡೆಯಿತು.

ಯಕೃತ್ತಿನ ವಿಷಯದಲ್ಲಿ ಮಾತ್ರ ಕಥೆ ಇನ್ನೂ ಅಷ್ಟು ಸುಖಾಂತವಲ್ಲ. ಬಟ್ಟಲಿನ ಕೋಶಗಳಲ್ಲಿ ಮಲಗಿದ ಜೀನುಗಳು ಏಳುತ್ತವೆ. ಇಲಿಗಳಲ್ಲಿ ಗಂತಿ ಕುಗ್ಗಿದ ಉದಾಹರಣೆಗಳಿವೆ. ಆದರೆ ರೆಸ್ಮಿನೋಸ್ಟಾಟ್ ಎಂಬ ಇಂಥದೇ ಔಷಧವನ್ನು ಸೊರಾಫೆನಿಬ್ ಎಂಬ ರೂಢಿಯ ಔಷಧದ ಜೊತೆ ಏಷ್ಯಾದ ರೋಗಿಗಳಿಗೆ ಕೊಟ್ಟು ನೋಡಿದಾಗ, ಸೊರಾಫೆನಿಬ್ ಒಂದನ್ನೇ ಕೊಟ್ಟುದಕ್ಕಿಂತ ಗಮನಾರ್ಹ ಲಾಭ ಕಾಣಲಿಲ್ಲವೆಂದು 2018ರಲ್ಲಿ ವರದಿಯಾಯಿತು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಅಜಸೈಟಿಡಿನ್ ಕೆಲಸ ಮಾಡಲು ಕೋಶ ವಿಭಜನೆಯಾಗುತ್ತಿರಬೇಕು. ಗಟ್ಟಿ ಗಂತಿಯ ಒಳಗಿನ ಎಲ್ಲ ಕೋಶಗಳನ್ನೂ ಮದ್ದು ಮುಟ್ಟುವುದು ಸುಲಭವಲ್ಲ. ಈ ಮದ್ದುಗಳು ಬೇಕಾದ ಪುಟವೊಂದನ್ನೇ ತೆರೆಯುವುದಿಲ್ಲ, ಬೇಡದವನ್ನೂ ತೆರೆಯುತ್ತವೆ. ಜೊತೆಗೆ ಬಹುಪಾಲು ರೋಗಿಗಳ ಯಕೃತ್ತು ಸಿರೋಸಿಸ್‌ನಿಂದ ಮೊದಲೇ ಗಡುಸಾಗಿರುತ್ತದೆ. ಔಷಧವನ್ನು ಅರಗಿಸಬೇಕಾದ ಅಂಗವೇ ರೋಗಿಯಾಗಿದ್ದರೆ ವೈದ್ಯರ ಕೈ ಕಟ್ಟಿದಂತಾಗುತ್ತದೆ. ಯಕೃತ್ತಿನ ಕ್ಯಾನ್ಸರಿಗೆಂದು ಅನುಮೋದನೆ ಪಡೆದ ಎಪಿಜೆನೆಟಿಕ್ ಔಷಧ ಇಂದಿಗೂ ಬಂದಿಲ್ಲ.

ಬೆಂಗಳೂರಿನ ಅಧ್ಯಾಯ

ಈಗ ಅರಿಸಿನದ ಮಾತಿಗೆ ಬರೋಣ. ಹಿಸ್ಟೋನುಗಳ ಅಭ್ಯಾಸಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಪರಂಪರೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎಸ್. ರಾವ್ ಅವರು ವೀರ್ಯಾಣು ರೂಪುಗೊಳ್ಳುವಾಗ ಹಿಸ್ಟೋನುಗಳ ಜಾಗಕ್ಕೆ ಬೇರೆ ಪ್ರೋಟೀನುಗಳು ಬರುವ ಬಗೆಯನ್ನು ಬಹುವರ್ಷ ಶೋಧಿಸಿದರು. 1989ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 2003ರಿಂದ 2013ರವರೆಗೆ ರಾವ್ ಅದರ ಅಧ್ಯಕ್ಷರಾಗಿದ್ದರು. 2023ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯ ತಪಸ್ ಕುಮಾರ್ ಕುಂಡು, ನ್ಯೂಯಾರ್ಕಿನಲ್ಲಿ ರಾಬರ್ಟ್ ರೋಡರ್ ಅವರಲ್ಲಿ ಕೆಲಸ ಮಾಡಿ ಮರಳಿ, 1999ರಲ್ಲಿ ಜಕ್ಕೂರಿನ ಕೇಂದ್ರವನ್ನು ಸೇರಿದರು.

ಕುಂಡು ಅವರ ತಂಡ ಆರಿಸಿಕೊಂಡ ಕಿಣ್ವ ಪಿ300. ಹಿಸ್ಟೋನುಗಳಿಗೆ ಅಸಿಟೈಲ್ ಸೇರಿಸುವುದು ಅದರ ಕೆಲಸ. ಪಿ53 ಎಂಬ ಕಾವಲುಗಾರನಿಗೂ ಅದು ಅಸಿಟೈಲ್ ಸೇರಿಸುತ್ತದೆಂದು 1997ರಲ್ಲಿ ರೋಡರ್ ಅವರ ಪ್ರಯೋಗಾಲಯದಿಂದ ತಿಳಿದಿತ್ತು. ಈ ಕಿಣ್ವವನ್ನು ಹದ್ದುಬಸ್ತಿನಲ್ಲಿಡುವ ಸಣ್ಣ ಅಣುಗಳನ್ನು ಅವರು ಹುಡುಕಿದ್ದು ನಮ್ಮ ಸುತ್ತಲಿನ ಗಿಡಮರಗಳಲ್ಲಿ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಪಿ300 ಕಿಣ್ವವನ್ನು ತಡೆಯುತ್ತದೆಂದು 2003ರಲ್ಲಿ ಪ್ರಕಟಿಸಿದರು. ಸ್ವಾರಸ್ಯವೆಂದರೆ, ಅದೇ ಆಮ್ಲದಿಂದ ತಯಾರಿಸಿದ ಇನ್ನೊಂದು ಅಣು ಕಿಣ್ವವನ್ನು ತಡೆಯುವ ಬದಲು ಚುರುಕುಗೊಳಿಸಿತು. 2004ರಲ್ಲಿ ಎರಡು ಹೊಸ ಹೆಸರುಗಳು ಸೇರಿದವು: ಪಶ್ಚಿಮ ಘಟ್ಟದ ಮುರುಗಲು ಹಣ್ಣಿನ, ಅಂದರೆ ಕರಾವಳಿಯವರ ಪುನರ್ಪುಳಿಯ, ಸಿಪ್ಪೆಯ ಗಾರ್ಸಿನಾಲ್, ಮತ್ತು ಅರಿಸಿನದ ಕರ್ಕ್ಯುಮಿನ್. ಎರಡೂ ಪಿ300 ಕಿಣ್ವವನ್ನು ತಡೆಯುವಂಥವು.

ಜನರ ಬಾಯಿಯಲ್ಲಿ ಓಡಾಡುವ ಮಾತಿನಲ್ಲಿರುವ ನಿಜದ ಎಳೆ ಇದೇ. ಇನ್ನು ಉಳಿದ ನಿಜವನ್ನೂ ಕೇಳಬೇಕು. ಮೊದಲನೆಯದಾಗಿ, ಕರ್ಕ್ಯುಮಿನ್ ಇಲ್ಲಿ ಪುಟ ತೆರೆಯುವ ಕೈಯನ್ನು ಹಿಡಿದು ನಿಲ್ಲಿಸುತ್ತದೆ. ಕೆಲವು ಕ್ಯಾನ್ಸರುಗಳಲ್ಲಿ ತೆರೆಯಬಾರದ ಪುಟಗಳು ತೆರೆದಿರುತ್ತವೆ. ಅಲ್ಲಿ ಇದರಿಂದ ಉಪಯೋಗವಾಗಬಹುದು. ಬಾಯಿಯ ಕ್ಯಾನ್ಸರಿನಲ್ಲಿ ಅಸಿಟೈಲ್ ಗುರುತು ಅತಿಯಾಗಿರುವುದನ್ನು ಇದೇ ತಂಡ ತೋರಿಸಿತು. ಕರ್ಕ್ಯುಮಿನ್ ಅಣುವನ್ನು ಮಾರ್ಪಡಿಸಿ ನೀರಿನಲ್ಲಿ ಕರಗುವಂತೆ ಮಾಡಿ, ಇಲಿಗಳಲ್ಲಿ ಗಂತಿಯ ಬೆಳವಣಿಗೆ ತಗ್ಗಿದ್ದನ್ನು 2010ರಲ್ಲಿ ಪ್ರಕಟಿಸಿತು. ಆದರೆ ಮಲಗಿದ ಕಾವಲು ಜೀನನ್ನು ಎಬ್ಬಿಸುವುದು ಬೇರೆಯ, ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದ ಕೆಲಸ. ಎರಡನೆಯದಾಗಿ, ವಿಜ್ಞಾನಿಗಳು ಅಣುವನ್ನು ಮಾರ್ಪಡಿಸಿದ್ದಾದರೂ ಏಕೆ? ತಿಂದ ಅರಿಸಿನದ ಕರ್ಕ್ಯುಮಿನ್ ನೀರಿನಲ್ಲಿ ಸರಿಯಾಗಿ ಕರಗದು, ರಕ್ತಕ್ಕೆ ಸೇರುವುದು ತೀರ ಅಲ್ಪ. ಮೂರನೆಯದಾಗಿ, ಸಾಂದ್ರಗೊಳಿಸಿದ ಅರಿಸಿನದ ಮಾತ್ರೆಗಳನ್ನು ನುಂಗಿ ಯಕೃತ್ತಿಗೇ ಉರಿಯೂತ ಬಂದ ಪ್ರಕರಣಗಳು ಇಟಲಿಯಲ್ಲೂ ಅಮೆರಿಕದಲ್ಲೂ ವರದಿಯಾಗಿವೆ. ಸಾರಿಗೆ ಹಾಕುವ ಚಿಟಿಕೆ ಅರಿಸಿನದ ಮಾತು ಇದಲ್ಲ. ರೋಗಪೀಡಿತ ಯಕೃತ್ತಿನ ಮೇಲೆ ಪುಡಿ, ಕಷಾಯ, ಮಾತ್ರೆಗಳ ಹೊರೆ ಹೇರುತ್ತಾ ಆಸ್ಪತ್ರೆಯ ದಾರಿಯನ್ನು ತಿಂಗಳುಗಟ್ಟಲೆ ಮುಂದೂಡುವ ಮಾತು. ಪ್ರಯೋಗಾಲಯದ ಬಟ್ಟಲಿಗೂ ರೋಗಿಯ ಹಾಸಿಗೆಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಅಜಸೈಟಿಡಿನ್ ಕಥೆಯೇ ಹೇಳುತ್ತದೆ: 1964ರಿಂದ 2004ರವರೆಗೆ, 40 ವರ್ಷ.

ಕಡಲೆಕಾಯಿಯ ಪಾಠ

ಹಾಗಾದರೆ ಈ ಇತಿಹಾಸದಿಂದ ನಮಗೆ ಇಂದೇ ದಕ್ಕುವ ಪ್ರಯೋಜನವೇನು? ಅದಕ್ಕೆ ತುಮಕೂರು ಜಿಲ್ಲೆಯ ಉತ್ತರಕ್ಕೆ, ಪಾವಗಡ, ಸಿರಾ, ಮಧುಗಿರಿಗಳ ಕಡಲೆಕಾಯಿ ಹೊಲಗಳತ್ತ ನೋಡೋಣ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತವು. ತನಿಖೆ ನಡೆದಾಗ, ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದು ವಿಷವಾಗಿತ್ತೆಂದು ತಿಳಿಯಿತು. ಅದೇ ಅಫ್ಲಾಟಾಕ್ಸಿನ್. ನಮ್ಮ ದೇಶದಲ್ಲಿಯೂ 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಸತ್ತರು. ಅಲ್ಪ ಪ್ರಮಾಣದಲ್ಲಿ ವರ್ಷಗಟ್ಟಲೆ ದೇಹ ಸೇರಿದರೆ ಇದೇ ವಿಷ ಕ್ಯಾನ್ಸರಿಗೆ ದಾರಿ ಮಾಡುತ್ತದೆ.

1991ರಲ್ಲಿ ಚೀನಾ ಮತ್ತು ದಕ್ಷಿಣ ಆಫ್ರಿಕ ಭಾಗದ ರೋಗಿಗಳ ಯಕೃತ್ತಿನ ಗಂತಿಗಳನ್ನು ಪರೀಕ್ಷಿಸಿದಾಗ ಬೆರಗಾಗುವಂಥ ಸಂಗತಿ ಹೊರಬಿತ್ತು. ಅಫ್ಲಾಟಾಕ್ಸಿನ್ ಹೆಚ್ಚಾಗಿರುವ ಆ ಪ್ರದೇಶಗಳಲ್ಲಿ ಗಂತಿಯಿಂದ ಗಂತಿಗೆ ಪಿ53 ಜೀನು ಒಂದೇ ಜಾಗದಲ್ಲಿ, 249ನೆಯ ಸಂಕೇತದಲ್ಲಿ, ಒಂದೇ ರೀತಿ ತಪ್ಪಾಗಿತ್ತು. ವಿಷ ತನ್ನ ಬೆರಳಗುರುತನ್ನು ಬಿಟ್ಟುಹೋದಂತೆ! ಇಲ್ಲಿ ಗಮನಿಸಬೇಕಾದ್ದು, ಇದು ಚೀಟಿ ಅಂಟಿದ ಪುಟವಲ್ಲ. ಅಕ್ಷರವೇ ಕೆಟ್ಟ ಪುಟ. ಎಬ್ಬಿಸುವ ಮದ್ದು ನಾಳೆಯೇ ಬಂದರೂ ಈ ಕಾವಲುಗಾರನನ್ನು ಎಬ್ಬಿಸಿ ಫಲವಿಲ್ಲ. ಆದ್ದರಿಂದ ವಿಷ ಹೊಟ್ಟೆಗೆ ಸೇರದಂತೆ ನೋಡಿಕೊಳ್ಳುವುದೊಂದೇ ಉಪಾಯ. ಕಿತ್ತ ಕಾಯನ್ನು ಚೆನ್ನಾಗಿ ಒಣಗಿಸುವುದು, ನೆಲದ ತೇವ ತಾಗದಂತೆ ಮೂಟೆಗಳನ್ನು ಹಲಗೆಯ ಮೇಲಿಡುವುದು, ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ಎಸೆಯುವುದು, ಅಂಥ ಬೀಜವನ್ನು ಗಾಣಕ್ಕಾಗಲಿ ದನದ ತೊಟ್ಟಿಗಾಗಲಿ ಕಳಿಸದಿರುವುದು: ಇವೇ ಕ್ರಮಗಳು. ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ.

ಯಕೃತ್ತಿನ ಇನ್ನೊಂದು ಶತ್ರು ಹೆಪಟೈಟಿಸ್ ಬಿ ವೈರಸ್. ಅದರ ಗುರುತನ್ನು 1960ರ ದಶಕದಲ್ಲಿ ಪತ್ತೆಮಾಡಿದ ಬರೂಕ್ ಬ್ಲಂಬರ್ಗ್ 1976ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ತೈವಾನ್ ದೇಶ 1984ರಲ್ಲಿ ಶಿಶುಗಳಿಗೆ ಇದರ ಲಸಿಕೆ ಆರಂಭಿಸಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರು ಪ್ರತಿವರ್ಷ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿಯಿತೆಂದು 1997ರಲ್ಲಿ ವರದಿಯಾಯಿತು. ಲಸಿಕೆಯಿಂದ ಕ್ಯಾನ್ಸರನ್ನು ತಡೆಯಬಹುದೆಂಬುದಕ್ಕೆ ಅದು ಸಾಕ್ಷಿಯಾಯಿತು. ನಮ್ಮಲ್ಲಿ 2002ರಿಂದ ಪ್ರಾಯೋಗಿಕವಾಗಿ ಶುರುವಾದ ಈ ಲಸಿಕೆ 2011ರಲ್ಲಿ ದೇಶದ ಎಲ್ಲೆಡೆಗೆ ವಿಸ್ತರಿಸಿತು. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸು ಬೀಳಬೇಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳ ಪರೀಕ್ಷೆ, ಚಿಕಿತ್ಸೆಗಳನ್ನು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಒದಗಿಸಲಾಗಿದೆ. ಮದ್ಯದ ಹಾವಳಿಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆಯಿಂದ ಯಕೃತ್ತಿನಲ್ಲಿ ಕೊಬ್ಬು ತುಂಬುವುದೂ ಈಗ ಅದೇ ಸಾಲಿಗೆ ಸೇರಿದೆ.

ಮಲಗಿದ ಕಾವಲು ಜೀನುಗಳನ್ನು ಎಬ್ಬಿಸುವ ವಿದ್ಯೆ ಕನಸಲ್ಲ. ರಕ್ತದ ಕೆಲವು ರೋಗಗಳಲ್ಲಿ ಅದು ಈಗಾಗಲೇ ವೈದ್ಯರ ಕೈಯಲ್ಲಿದೆ. ಯಕೃತ್ತಿನ ಮಟ್ಟಿಗೆ ಒಂದು ದಿನ ಬರಬಹುದು, ಬರಲಿ. ಅಲ್ಲಿಯತನಕ ಅರಿಸಿನ ಅಡುಗೆಮನೆಯಲ್ಲಿರಲಿ, ರೋಗಿ ಆಸ್ಪತ್ರೆಯಲ್ಲಿರಲಿ. ಹಿರೇಹಳ್ಳಿಯ ತೋಟದಲ್ಲಿ ಕಸಿ ಕಟ್ಟುವವರು ರೋಗ ತಗುಲಿದ ಕುಡಿಯನ್ನು ಕಟ್ಟಿ ಆಮೇಲೆ ಮದ್ದು ಹುಡುಕುವುದಿಲ್ಲ. ಮೊದಲೇ ನೋಡಿ ಒಳ್ಳೆಯ ಕುಡಿಯನ್ನು ಆರಿಸುತ್ತಾರೆ. ಮಗುವಿಗೆ ಲಸಿಕೆ ಹಾಕಿಸುವುದು, ಮೂಟೆ ಕಟ್ಟುವ ಮೊದಲು ಕಡಲೆಕಾಯಿ ಒಣಗಿಸುವುದು, ಹಳದಿ ಕಣ್ಣನ್ನು ಕಂಡ ಕೂಡಲೇ ವೈದ್ಯರಲ್ಲಿಗೆ ಹೋಗುವುದು ಇವೆಲ್ಲ ಅದೇ ಜಾತಿಯ ಜಾಣತನ.